ಪಾವ್ ಕಿಲೊ ಕಾಳಜಿ

ಕ್ಯಾಂಪಿನ ಮೇಜರ್ ಸಾಹೇಬರಿಗೆ ಜೋರಹಾಟಿಗೆ ಬದಲಿ ಆತು.
ಪಿಕೊಕ್ಕ ಕೊಟ್ಟ ಮೂರು ಓಢಣಿ ಒಯ್ಯಾಕ ಬಂದ ಅವರ ಮಗಳು
ನನ್ನ ಮಷೀನಿನ ಬಾಜೂಕ ಒಂದು ಪಂಜರ ಇಟ್ಟು
ಎರಡ ತಿಂಗಳಷ್ಟ, ಆಂಟಿ, ಅಂತ ಕಣ್ಣು ಒರಸಿಕೊಂಡು ಹೋದಳು.
ಉದ್ದನ್ನ ಕಾಲುಚೀಲದಾಗ ಜೀವ ತುಂಬಿದಂಗ ಎರಡು ಪ್ರಾಣಿ.
ಫೆರೆಟ್ ಅಂತ ಹೆಸರು.
ವಡಗಾವಿ ಓಣಿಯವರ ಬಾಯಾಗ ಅದು ಹೊರಳಲಿಲ್ಲ,
ಬಿಳಿ ಮುಂಗಲಿ ಅಂದರು, ಅಷ್ಟಕ್ಕ ಬಿಟ್ಟರು.

ಹೆಣ್ಣಿನ ಹೊಟ್ಟಿ ತುಂಬಿದ್ದು
ಆ ಹುಡುಗಿಗೆ ಗೊತ್ತಿತ್ತೋ ಇಲ್ಲೋ.
ಯುಗಾದಿ ಮರುದಿನ ಬಟ್ಟಿ ಚೂರಿನ ಡಬ್ಬಿಯೊಳಗ ಏಳು ಮರಿ.
ಕಿರುಬೆರಳಿನಷ್ಟು. ಕಣ್ಣಿಲ್ಲ, ಕಿವಿ ಇಲ್ಲ,
ಬರೇ ಬಾಯಿ.

ಚೀಲದಾಗ ಬಿಟ್ಟುಹೋದ ಕಾಳು ಎಂಟ ದಿನಕ್ಕ ಮುಗೀತು.
ಹಾಲು ಇಟ್ಟೆ, ಕುಡದು ಹೊಟ್ಟಿ ಕೆಡಿಸಿಕೊಂಡಿತು.
ರೊಟ್ಟಿ ಮುರದು ಇಟ್ಟೆ, ಅದರ ಮ್ಯಾಲ ಮಲಗಿತು.
ದನದ ದವಾಖಾನಿಯ ಪಾಶ್ಚಾಪುರ ಡಾಕ್ಟರು ಕನ್ನಡಕ ಏರಿಸಿ
ಇದಕ್ಕ ಹುಲಿ ಹೊಟ್ಟಿ ಐತಿ ತಂಗಿ, ಅಂದರು,
ಹಸೀದ ಬೇಕು. ಅಂದಿನದು ಅಂದ ಬೇಕು.

ನಮ್ಮ ಮನ್ಯಾಗ ತತ್ತಿ ಸುದ್ದ ಬಂದಿಲ್ಲ.

ಮುಂಜಾನೆ ಆರಕ್ಕ ಸೆರಗು ಮೂಗಿಗೆ ಹಿಡಕೊಂಡು
ಕಸಾಯಿ ಗಲ್ಲಿ, ದಸ್ತಗೀರನ ಅಂಗಡಿ.
ಡಾಕ್ಟರು ಬರದುಕೊಟ್ಟ ಚೀಟಿ ಮನ್ಯಾಗ ಉಳದಿತ್ತು.
ಪಾವ್ ಕಿಲೊ ಕಾಳಜಿ ಕೊಡ್ರಿ, ಅಂದೆ.
ಕೋಳಿ ಹಿಡದ ಕೈ ಹಂಗ ನಿಂತಿತು.
ಕಾಳಜಿ ನಮ್ಮಲ್ಲೆ ಮಾರೂದಿಲ್ಲರಿ ಬಾಯಾರ,
ಕಲೇಜಿ ಐತಿ, ಕೊಡ್ಲ್ಯಾ?
ಹಿಂದ ನಿಂತ ನಾಕ ಮಂದಿ ನಕ್ಕರು.
ನಾನೂ ನಗಬೇಕಂತ ಬಾಯಿ ತೆರದೆ,
ವಾಸನಿ ಒಳಗ ಹೋತು.

ಈಗ ಬರತೈತಿ ಎಲ್ಲಾ.
ಕಲೇಜಿ ವಾರಕ್ಕ ಎರಡ ಸಲ ಸಾಕು, ಗುಂಡಿಗಿ ದಿನಾ,
ಕುತ್ತಿಗಿ ಎಲುವು ಮೆತ್ತಗಿರತಾವ, ಅವು ಹಾಲೂಡಸಾಕಿಗೆ.
ಐಸಿನಿಂದ ತಗದದ್ದೋ ಈಗ ಕೊಯ್ದದ್ದೋ
ಬೆರಳಿಗೇ ತಿಳೀತೈತಿ,
ರೇಷ್ಮಿ ಅಸಲಿ ನಕಲಿ ತಿಳಿಯೂ ಹಂಗ.
ಎರಡು ಸೀರಿ ಫಾಲ್ ಹಚ್ಚಿದರ ಒಂದ ದಿನದ ಊಟ.
ಒಂದ ನಮೂನಿ ಎರಡು ಕತ್ತರಿ ಅದಾವ ನನ್ನ ಕಡೆ,
ಅದರಾಗಿನ ಒಂದಕ್ಕ ಕೆಂಪು ದಾರ ಸುತ್ತೇನಿ.

ಮಹಾವೀರ ಜಯಂತಿ ದಿನ ಪ್ಯಾಟ್ಯಾಗ ಎಲ್ಲಾ ಶಟರ್ ಕೆಳಗ.
ಪಂಜರದೊಳಗ ತಾಯಿ ಕಬ್ಬಿಣ ಕಡೀತಿತ್ತು.
ರವಿವಾರ ಪೇಟಿ ಬೆಲ್ಲದ ಗೋದಾಮಿನ ಹುಡುಗ ಭರಮಾ
ಬೋನಿನಾಗಿನ ಇಲಿ ತಂದ, ದುಂಡಗ, ಬೆಲ್ಲ ತಿಂದದ್ದು.
ವಿಷ ಹಾಕಿಲ್ಲ ಹೌದಲ್ಲೊ?
ಜ್ಯೋತಿಬಾನ ಆಣಿ, ಬಾಯಿ.
ಹತ್ತ ರೂಪಾಯಿ ಕೊಟ್ಟು ಕಣ್ಣು ಮುಚ್ಚಿಕೊಂಡೆ.
ಕಿವಿ ಮುಚ್ಚಿಕೊಳ್ಳೂದು ಹೊಳೀಲಿಲ್ಲ.

ಆ ಡಬ್ಬಿ ಅಡಗಿಮನಿಗೆ ಬಂದರ ನಾ ಹೊರಗ, ಅಂದಿದ್ದರು ಅತ್ತಿ.
ಈಗ ರಾತ್ರಿ ಎರಡಕ್ಕ ಮರಿ ಚೀರಿದರ
ಮೊದಲು ಎಚ್ಚರ ಆಗೂದು ಅವರಿಗೇ.
ಏಳವಾ, ಹಾಕು ಅವಕ್ಕ, ಅಂತಾರ.
ಏನು ಹಾಕು ಅನ್ನೂದಿಲ್ಲ.

ಇನ್ನೊಂದು ಹೇಳೂದು ಬಿಟ್ಟೆ.
ಬಚ್ಚಿಡೂ ಚಟ ಇದಕ್ಕ.
ಬಸ್ತವಾಡದ ಮದುಮಗಳ ಇಳಕಲ್ಲ ಸೀರಿ,
ಮೂರನೇ ಮಡಿಕಿ ಬಿಚ್ಚಿದರ ಎರಡು ಗುಂಡಿಗಿ,
ಬಾಜೂಕ ಬಾಜೂಕ, ಜ್ವಾಪಾನ ಮಾಡಿ ಇಟ್ಟಾವ.
ಕೆಂಪು ದಡಿಯಾಗ ಕೆಂಪು. ತಣ್ಣೀರು ಹಚ್ಚಿ ತಗದೆ.
ಆಕಿಗೆ ಹೇಳಲಿಲ್ಲ.
ಮದವಿ ಆತು, ಚಲೋ ಅದಾಳಂತ.

ಮೂರು ವಾರಕ್ಕ ಮರಿ ಮಾಂಸ ತಿನ್ನಾಕ ಹತ್ತಿದುವು,
ಕಣ್ಣು ಇನ್ನೂ ಅಂಟಿಕೊಂಡ ಇದ್ದುವು.
ಬೆರಳಿಗೂ ಗುಂಡಿಗಿಗೂ ಫರಕ ಇಲ್ಲ ಅವಕ್ಕ,
ನನ್ನ ಎಡಗೈ ತುಂಬ ಸೂಜಿ ಚುಚ್ಚಿದಂಥ ಗಾಯ,
ಗಿರಾಕಿಗಳು ಸೂಜೀದ ಅಂತ ತಿಳದಾರ.
ಪಾವ್ ಕಿಲೊ ಅರ್ಧ ಆತು. ಅರ್ಧ ಪೌಣ ಆತು.
ದಸ್ತಗೀರ ಈಗ ಕೇಳೂದಿಲ್ಲ, ಕಟ್ಟಿ ಇಟ್ಟಿರತಾನ,
ಬಾಯಾರ ಕಾಳಜಿ ಅಂತ ಕೂಗಿ ಹುಡುಗನ ಕೈಲೆ ಕೊಡತಾನ.
ಜೋರಹಾಟಿನಿಂದ ಫೋನ್ ಇಲ್ಲ.

ಇವತ್ತ ಒಂದರ ಕಣ್ಣು ಬಿಟ್ಟಿತು, ಬಲಗಣ್ಣು,
ಸಾಸಿವಿ ಕಾಳಿನಷ್ಟು ಕರೀದು, ಹಸೀದು.
ನಾ ಬಗ್ಗಿ ಮುಖ ತೋರಿಸಿದೆ.
ಅದು ನನ್ನ ನೋಡಲಿಲ್ಲ,
ಕೆಂಪು ದಾರದ ಕತ್ತರಿ ನೋಡಿತು.